ಪ್ರಶಾಂತಚಂದ್ರ ಮಹಾಲನೋಬಿಸ್

ಒಬ್ಬರ ತಲೆ ದೊಡ್ಡದು, ಇನ್ನೊಬ್ಬರದು ಚಿಕ್ಕದು ಎಂದು ಅಳೆದು ಹೇಳುವುದು ಸುಲಭ. ಅಂತಹ ಅಳತೆಯಿಂದಲೇ ಒಂದು ಜನಾಂಗದ ಯೋಗ್ಯತೆಯನ್ನು ತೀರ್ಮಾನಿಸಹೊರಟ ಪಂಡಿತರು 19ನೆಯ ಶತಮಾನದ ಯುರೋಪಿನಲ್ಲಿ ಹಲವರಿದ್ದರು. ಅಳತೆಗಳನ್ನು ಹೋಲಿಸುವುದಕ್ಕೂ ಒಂದು ನ್ಯಾಯವುಂಟೆಂದು ತೋರಿಸಿದವರಲ್ಲಿ ಪ್ರಶಾಂತಚಂದ್ರ ಮಹಾಲನೋಬಿಸರು ಪ್ರಮುಖರು.

1893ರ ಜೂನ್ 29ರಂದು ಕಲ್ಕತ್ತೆಯಲ್ಲಿ ಜನಿಸಿದ ಅವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಬಳಿಕ ಕೇಂಬ್ರಿಜ್ಜಿಗೆ ತೆರಳಿದರು. 1915ರಲ್ಲಿ ಸ್ವದೇಶಕ್ಕೆ ಹೊರಟಾಗ ಮಹಾಯುದ್ಧದ ದೆಸೆಯಿಂದ ಹಡಗು ತಡವಾಯಿತು. ಆ ಬಿಡುವಿನಲ್ಲಿ ಗುರುಗಳೊಬ್ಬರು ಬಯೊಮೆಟ್ರಿಕಾ ಎಂಬ ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಅವನ್ನು ಕೊಂಡು ಅವರು ಹಡಗಿನಲ್ಲಿಯೇ ಓದತೊಡಗಿದರು. ತಡವಾದ ಹಡಗು ಭಾರತಕ್ಕೆ ಒಂದು ಶಾಸ್ತ್ರವನ್ನೇ ಹೊತ್ತು ತಂದಿತೆನ್ನಬಹುದು.

1920ರಲ್ಲಿ ಪ್ರಾಣಿಶಾಸ್ತ್ರಜ್ಞ ಆ್ಯನಂಡೇಲರು ಕಲ್ಕತ್ತೆಯ ಆಂಗ್ಲೋ-ಇಂಡಿಯನ್ನರ ದೇಹದ ಅಳತೆಗಳನ್ನು ಅವರ ಪರಿಶೀಲನೆಗೆ ಒಪ್ಪಿಸಿದರು. ಎತ್ತರದವನ ತಲೆ ಸಾಮಾನ್ಯವಾಗಿ ತುಸು ದೊಡ್ಡದೇ. ಒಂದು ಅಳತೆ ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ಅವೆರಡನ್ನೂ ಬಿಡಿಬಿಡಿಯಾಗಿ ಗಣಿಸಿದರೆ ಒಂದೇ ವ್ಯತ್ಯಾಸವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಈ ದೋಷವನ್ನು ನೀಗಿಸಿ, ಎರಡು ಗುಂಪುಗಳ ಸರಾಸರಿಗಳ ನಡುವಣ ಅಂತರವನ್ನು ಅಳೆಯುವ ಸೂತ್ರವೊಂದನ್ನು ಅವರು ಹಲವು ವರ್ಷಗಳ ದುಡಿಮೆಯಿಂದ ರೂಪಿಸಿದರು. 1936ರ ಲೇಖನದ ತರುವಾಯ ಅದು ಮಹಾಲನೋಬಿಸ್ ದೂರವೆಂದು ಪ್ರಸಿದ್ಧವಾಯಿತು.

ಅವರ ಸ್ನೇಹಿತರಾದ ಇಂಗ್ಲೆಂಡಿನ ರೊನಾಲ್ಡ್ ಫಿಷರರು ಇದಕ್ಕೆ ಹತ್ತಿರದ ಇನ್ನೊಂದು ತೊಡಕನ್ನು ಬಿಡಿಸಿದರು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಸಮಸಂಖ್ಯೆಯ ಮಕ್ಕಳ ತಲೆಯ ಸುತ್ತಳತೆಯನ್ನು ತೆಗೆಯಲಾಯಿತೆಂದು ಭಾವಿಸಿರಿ. ಅವರ ಸರಾಸರಿ ವಯಸ್ಸು ಕ್ರಮವಾಗಿ 10, 11, 12. ಜೇವರ್ಗಿಯ ಮಕ್ಕಳ ತಲೆ ದೊಡ್ಡದೆಂದು ಕಂಡರೆ ಅದು ಊರಿನ ಗುಣವಲ್ಲ, ವಯಸ್ಸಿನ ಗುಣವಿರಬಹುದು. ಬೆಳವಣಿಗೆಯ ವೇಗ ಮೂರು ಕಡೆಯೂ ಬೇರೆಯಾಗಿದ್ದು, ಲೆಕ್ಕದ ಮೂಲಬಿಂದುವನ್ನು ಸೊನ್ನೆ ವಯಸ್ಸಿನಲ್ಲಿಟ್ಟರೆ ಹೋಲಿಕೆ ಆಗತಾನೆ ಹುಟ್ಟಿದ ಕೂಸುಗಳದಾಗುತ್ತದೆ. ಅಂತಹ ಕೂಸು ಅಲ್ಲಿ ಒಂದೂ ಇಲ್ಲ! ಆಯಾ ತಾಲ್ಲೂಕಿನ ಸರಾಸರಿಯನ್ನೇ ಕಳೆದರೆ ವಯಸ್ಸಿನ ಅಂತರವು ಊರಿನ ಹೆಸರಿನಲ್ಲಿ ಉಳಿದುಬಿಡುತ್ತದೆ. ಎಲ್ಲರ ಸರಾಸರಿಯಾದ 11ನ್ನು ಕಳೆದಾಗ ಒಂದೇ ವಯಸ್ಸಿನವರ ಹೋಲಿಕೆ ದೊರೆಯುತ್ತದೆ. ಆದರೆ ಆಳಂದದ ಗುಂಪಿನಲ್ಲಿ ಆ ವಯಸ್ಸಿನ ಆಸುಪಾಸಿನವರೇ ಇಲ್ಲದಿದ್ದರೆ ಅದೂ ಊಹೆಯೇ ಸರಿ. ಇಂದು ಮೆದುಳಿನ ಚಿತ್ರಗಳನ್ನು ಗುಂಪುಗುಂಪಾಗಿ ಹೋಲಿಸುವ ವಿಜ್ಞಾನಿಗಳಿಗೂ ಈ ಎಚ್ಚರ ಬೇಕೇಬೇಕು. ಮಹಾಲನೋಬಿಸ್ ದೂರವನ್ನು ಅವರೂ ಬಳಸುತ್ತಾರೆ.

ಮಹಾಲನೋಬಿಸರಿಗೆ ಗಣಿತವು ಕೋಣೆಯೊಳಗಿನ ವಿದ್ಯೆ ಮಾತ್ರವಾಗಿರಲಿಲ್ಲ. 1926ರಲ್ಲಿ ಒರಿಸ್ಸಾದಲ್ಲಿ ನೆರೆ ಬಂದಾಗ, ನದಿಯ ಪಾತ್ರ ಮೇಲೇರಿದೆ, ಒಡ್ಡುಗಳನ್ನು ಎತ್ತರಿಸಬೇಕು ಎಂಬುದು ಎಂಜಿನಿಯರರ ಅಭಿಪ್ರಾಯವಾಗಿತ್ತು. ಅವರು ಹಲವು ದಶಕಗಳ ದಾಖಲೆಗಳನ್ನು ಶೋಧಿಸಿ, ಪಾತ್ರ ಏರಿಲ್ಲವೆಂದು ಸಿದ್ಧಪಡಿಸಿದರು. ಭೀಮೆಯ ನೆರೆಯನ್ನು ಕಂಡವರಿಗೆ ಇಂತಹ ತೀರ್ಪಿನ ಬೆಲೆ ತಿಳಿಯದಿರದು.

1931ರಲ್ಲಿ ಅವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದರು. ಹೂವಿನ ಹಡಗಲಿಯಲ್ಲಿ ಜನಿಸಿದ ತರುಣ ಸಿ. ಆರ್. ರಾವ್ 1941ರಲ್ಲಿ ಅಲ್ಲಿಗೆ ಬಂದು ಸೇರಿದರು. ಸಂಯುಕ್ತ ಪ್ರಾಂತದ ಜನರ ದೇಹದ ಅಳತೆಗಳನ್ನು ಕುರಿತು ಮಹಾಲನೋಬಿಸ್, ಮಜುಮ್‌ದಾರ್, ರಾವ್ ಮೂವರೂ ಕೂಡಿ ಬರೆದ ವರದಿ 1949ರಲ್ಲಿ ಪ್ರಕಟವಾಯಿತು. ಮರುವರ್ಷವೇ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು.

79 ತುಂಬಲು ಒಂದೇ ದಿನವಿರುವಾಗ, 1972ರ ಜೂನ್ 28ರಂದು ಅವರು ನಿಧನರಾದರು. ಸಂಸ್ಥೆಯ ಹೊಣೆ ಹಡಗಲಿಯ ಆ ಶಿಷ್ಯರ ಹೆಗಲಿಗೆ ಬಂದಿತು.