ಹಲಗೆಯ ಹಿಂದೆ ನಿಂತ ಹಯಾಟ್

ಜಾನ್ ವೆಸ್ಲಿ ಹಯಾಟ್ ಹುಟ್ಟಿದ್ದು 1837ರ ನವೆಂಬರ್ 28ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಟಾರ್ಕಿ ಎಂಬಲ್ಲಿ. ಹದಿನಾರನೆಯ ವಯಸ್ಸಿಗೆ ಇಲಿನಾಯ್‌ಗೆ ಹೋಗಿ ಮುದ್ರಣದ ಕೆಲಸ ಕಲಿತ. ರಸಾಯನಶಾಸ್ತ್ರವನ್ನು ಯಾವ ಕಾಲೇಜಿನಲ್ಲೂ ಓದಿದವನಲ್ಲ. ಆದರೆ ಕೈ ಸುಮ್ಮನಿರುತ್ತಿರಲಿಲ್ಲ. 1861ರಲ್ಲಿ ಚಾಕು ಹರಿತ ಮಾಡುವ ಸಾಧನಕ್ಕೆ ಪೇಟೆಂಟ್ ಪಡೆದ. ಮುಂದೆ ಆಲ್ಬನಿ ನಗರದಲ್ಲಿ ಮುದ್ರಣಗಾರನಾಗಿ ನೆಲೆಸಿದ.

ಆಗ ಬಿಲಿಯರ್ಡ್ಸ್ ಚೆಂಡುಗಳನ್ನು ಆನೆದಂತದಿಂದ ಕಡೆಯುತ್ತಿದ್ದರು. ಒಂದು ದಂತದಲ್ಲಿ ಸಿಗುವ ಒಳ್ಳೆಯ ಚೆಂಡುಗಳು ಕೆಲವೇ. ಬೀಟೆ ಮರದಲ್ಲಿ ದಂತ ಕೂರಿಸುವ ಕೆಲಸಕ್ಕೆ ಹೆಸರಾದ ನಮ್ಮ ಮೈಸೂರಿನವರಿಗೆ ಆನೆದಂತದ ಬೆಲೆಯನ್ನು ಬೇರೆ ಹೇಳಬೇಕಿಲ್ಲ. ದಂತದ ಬದಲಿಗೆ ಬೇರೊಂದು ವಸ್ತು ತಂದವರಿಗೆ 10,000 ಡಾಲರ್ ಕೊಡುವುದಾಗಿ ಫೆಲನ್ ಮತ್ತು ಕೊಲೆಂಡರ್ ಕಂಪನಿ ಪ್ರಕಟಿಸಿತು. ಹಯಾಟ್ ಹಗಲು ಮುದ್ರಣಾಲಯದಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಇದರ ಬೆನ್ನು ಹತ್ತಿದ.

ಮುದ್ರಣಾಲಯದವರು ಬೆರಳಿನ ಚರ್ಮ ಕಾಪಾಡಿಕೊಳ್ಳಲು ಕೊಲೋಡಿಯನ್ ಎಂಬ ದ್ರವ ಸವರಿಕೊಳ್ಳುತ್ತಿದ್ದರು. ಒಂದು ದಿನ ಅದರ ಸೀಸೆ ಉರುಳಿ, ಚೆಲ್ಲಿದ್ದು ಉಗುರಿನಂತೆ ಗಟ್ಟಿಯಾಗಿ ಒಣಗಿತ್ತು. ಹಯಾಟ್ ಅದನ್ನೇ ಚೆಂಡುಗಳಿಗೆ ಮೇಲ್ಪದರವಾಗಿ ಬಳಿದ. ಚೆಂಡುಗಳೇನೋ ಉರುಳಿದವು, ಆದರೆ ಕೊಲೋಡಿಯನ್ ಸಿಡಿಮದ್ದಿನ ಹತ್ತಿರದ ಸಂಬಂಧಿ. ಎರಡು ಚೆಂಡು ಜೋರಾಗಿ ತಾಗಿದರೆ ಪಟಾಕಿಯಂತೆ ಸಣ್ಣ ಸದ್ದು. ಆ ಸದ್ದು ಕೇಳಿದೊಡನೆ ತನ್ನ ಗಿರಾಕಿಗಳೆಲ್ಲ ಪಿಸ್ತೂಲಿಗೆ ಕೈ ಹಾಕುತ್ತಾರೆಂದು ಕೊಲೊರಾಡೋದ ಒಬ್ಬ ಅಂಗಡಿಯವನು ಪತ್ರ ಬರೆದನಂತೆ.

ಹಯಾಟ್ ಮತ್ತು ಅವನ ಅಣ್ಣ ಐಸಾಯ ಮುಂದೆ ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿ, ಬಿಸಿ ಮಾಡಿ, ಅಚ್ಚಿನಲ್ಲಿ ಒತ್ತಲು ತೊಡಗಿದರು. ಪ್ರೊಫೆಸರ್ ಸೀಲಿ ಎಂಬ ರಸಾಯನ ತಜ್ಞರು ಇದನ್ನು ನೋಡಿ ಗಾಬರಿಯಾದರು. ಕಾವು ಸ್ವಲ್ಪ ಮೀರಿದರೂ ಇವರೂ ಉಳಿಯುವುದಿಲ್ಲ, ಕಟ್ಟಡವೂ ಉಳಿಯುವುದಿಲ್ಲ ಎಂದು ಎಚ್ಚರಿಸಿದರು. ಮಾತು ನಿಜವೋ ಅಲ್ಲವೋ ನೋಡಿಯೇಬಿಡೋಣವೆಂದು ಹಯಾಟ್ ಮರುದಿನ ಒತ್ತುಯಂತ್ರಕ್ಕೂ ತನಗೂ ನಡುವೆ ನಾಲ್ಕು ಅಂಗುಲ ದಪ್ಪದ ಹಲಗೆ ನಿಲ್ಲಿಸಿ, ಮಿಶ್ರಣವನ್ನು ಬೇಕೆಂದೇ ಸುಮಾರು 260 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ. ಅನಿಲ ಅಚ್ಚಿನ ಸಂದುಗಳಿಂದ ಬುಸ್ಸೆಂದು ಹೊರನುಗ್ಗಿ ಕೋಣೆಯೆಲ್ಲ ಹೊಗೆಯಾಯಿತು. ಅಷ್ಟೇ. ಅಚ್ಚು, ಯಂತ್ರ, ಹಯಾಟ್ ಎಲ್ಲವೂ ಇದ್ದಲ್ಲೇ ಇದ್ದವು. ಇದು ಜಾಣತನವಲ್ಲ, ಅದೃಷ್ಟ ಎಂದೇ ನಮಗೆ ಅನ್ನಿಸುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಯಾರೂ ಅನುಕರಿಸಬೇಡಿ! ಆದರೆ ಆ ಸಂದುಗಳ ಕೆಲಸ ಗಮನಿಸಿ. ಇಂದಿನ ಅಚ್ಚುಗಳಲ್ಲಿ ಗಾಳಿ ಹೊರಹೋಗಲು ಬೇಕೆಂದೇ ಕೂದಲೆಳೆಯಷ್ಟು ಜಾಗ ಬಿಡುತ್ತಾರೆ. ಅದರ ಹೆಸರು ವೆಂಟ್.

1870ರ ಜುಲೈ 12ರಂದು ಪೇಟೆಂಟ್ ಸಿಕ್ಕಿತು. ವಸ್ತುವಿಗೆ ಸೆಲ್ಯುಲಾಯ್ಡ್ ಎಂಬ ಹೆಸರಿಟ್ಟವನು ಐಸಾಯ. ಮೊದಲು ಹಲ್ಲಿನ ಸೆಟ್ಟು, ನಂತರ ಬಾಚಣಿಗೆ, ಕಾಲರ್, ಮುಂದೆ ಫೋಟೋ ಫಿಲ್ಮ್. ಹಲ್ಲಿನ ಸೆಟ್ಟು ಕರ್ಪೂರದ ರುಚಿ ಬಿಡುತ್ತಿತ್ತು, ಬಿಸಿ ಚಹಾ ಕುಡಿದರೆ ಮೆತ್ತಗಾಗುತ್ತಿತ್ತು.

ಸಹೋದರರು 1872ರಲ್ಲಿ ಪೇಟೆಂಟ್ ಪಡೆದ ಯಂತ್ರವೇ ಇಂದಿನ ಇಂಜೆಕ್ಷನ್ ಮೋಲ್ಡಿಂಗ್ ಯಂತ್ರದ ಮುತ್ತಜ್ಜ. ನಮ್ಮ ಮನೆಯ ಚಕ್ಕುಲಿ ಒರಳನ್ನು ನೆನೆಸಿಕೊಳ್ಳಿ. ಹಿಟ್ಟು ತುಂಬುವ ಕೊಳವೆಯೇ ಬ್ಯಾರೆಲ್, ಮೇಲಿಂದ ಒತ್ತುವುದು ಪ್ಲಂಜರ್, ಹಿಟ್ಟು ಹೊರಬರುವ ಬಾಯಿ ನಾಝಲ್. ಹಯಾಟ್‌ನ ಕೊಳವೆ ಬಿಸಿಯಾಗಿರುತ್ತಿತ್ತು ಎಂಬುದೇ ವ್ಯತ್ಯಾಸ. ಈಗಿನ ಯಂತ್ರದಲ್ಲಿ ಪ್ಲಾಸ್ಟಿಕ್ ಕಾಳುಗಳನ್ನು ಸುರಿಯುವ ಆಲಿಕೆಗೆ ಹಾಪರ್ ಎನ್ನುತ್ತಾರೆ. ಒಂದು ಸಲ ಒತ್ತಿದಾಗ ಒಳಹೋಗುವಷ್ಟು ಕರಗಿದ ಪ್ಲಾಸ್ಟಿಕ್ ಒಂದು ಶಾಟ್. ಸಾಲದೆ ವಸ್ತು ಅರ್ಧಂಬರ್ಧವಾದರೆ ಶಾರ್ಟ್ ಶಾಟ್.

ಅಚ್ಚಿಗೆ ಸಂಕ್ರಾಂತಿಯ ಸಕ್ಕರೆ ಅಚ್ಚೇ ಉದಾಹರಣೆ. ಮರದ ಎರಡು ಹೋಳು ಜೋಡಿಸಿ ಪಾಕ ಸುರಿದು, ಆರಿದ ಮೇಲೆ ಬಿಡಿಸುತ್ತಾರೆ. ಒಳಗಿನ ಪೊಳ್ಳು ಕ್ಯಾವಿಟಿ. ಹೋಳುಗಳು ಕೂಡುವಲ್ಲಿ ಮೂಡುವ ಗೆರೆ ಪಾರ್ಟಿಂಗ್ ಲೈನ್. ಹೋಳುಗಳನ್ನು ಬಿಗಿಯಾಗಿ ಹಿಡಿಯದಿದ್ದರೆ ಆ ಗೆರೆಯಲ್ಲಿ ಪಾಕ ಸೋರಿ ತೆಳ್ಳನೆಯ ಅಂಚು ಬರುತ್ತದಲ್ಲ, ಅದು ಫ್ಲ್ಯಾಶ್. ಡಬ್ಬಿಯಂಥ ಟೊಳ್ಳು ವಸ್ತುವಿನ ಒಳಭಾಗಕ್ಕೆ ರೂಪ ಕೊಡುವುದು ಕೋರ್. ಒಂದೇ ಅಚ್ಚಿನಲ್ಲಿ ಹಲವು ವಸ್ತುಗಳನ್ನು ತೆಗೆಯುವಾಗ, ನಾಲೆಯಿಂದ ಗದ್ದೆಗೆ ನೀರು ಹಾಯಿಸಿದ ಹಾಗೆ, ಮುಖ್ಯ ದಾರಿ ಸ್ಪ್ರೂ, ಕವಲು ರನ್ನರ್, ಗದ್ದೆಯ ಬಾಯಿ ಗೇಟ್. ಪೆನ್ನಿನ ಮುಚ್ಚಳದ ತುದಿಯ ಚುಕ್ಕೆ ಗೇಟಿನದೇ ಗುರುತು. ಆರಿದ ವಸ್ತುವನ್ನು ಹೊರದಬ್ಬುವ ಕಡ್ಡಿಗಳು ಎಜೆಕ್ಟರ್ ಪಿನ್. ಪ್ಲಾಸ್ಟಿಕ್ ವಸ್ತುಗಳಲ್ಲಿ ಅವುಗಳ ದುಂಡನೆ ಗುರುತು ನೀವೇ ಹುಡುಕಬಹುದು.

ಹಯಾಟ್‌ಗೆ ನೆಮ್ಮದಿಯೇನೂ ಸಿಗಲಿಲ್ಲ. ನ್ಯೂಆರ್ಕ್‌ಗೆ ಸಾಗಿಸಿದ ಕಾರ್ಖಾನೆ 1875ರಲ್ಲಿ ಬೆಂಕಿಗೆ ಆಹುತಿಯಾಯಿತು. ಆಮೇಲೂ ಮತ್ತೆ ಮತ್ತೆ ಬೆಂಕಿ ಬಿತ್ತು, ಕೆಲಸಗಾರರ ಜೀವಗಳೂ ಹೋದವು. ಹಲಗೆ ಅಂದು ಒಬ್ಬನನ್ನು ಕಾಪಾಡಿತ್ತು, ಆದರೆ ದಿನವೂ ಸೆಲ್ಯುಲಾಯ್ಡ್ ನಡುವೆ ದುಡಿಯುವವರಿಗೆ ಅಂಥ ಹಲಗೆ ಎಲ್ಲಿತ್ತು? ಇತ್ತ ಇಂಗ್ಲೆಂಡಿನ ಡೇನಿಯಲ್ ಸ್ಪಿಲ್ ಪೇಟೆಂಟ್ ತನ್ನದೆಂದು ಮೊಕದ್ದಮೆ ಹೂಡಿದ. ವರ್ಷಗಟ್ಟಲೆ ನಡೆದ ವ್ಯಾಜ್ಯ 1884ರಲ್ಲಿ ಮುಗಿದಾಗ, ಇಬ್ಬರಿಗಿಂತ ಮೊದಲು ಈ ದಾರಿ ಹಿಡಿದವನು ಅಲೆಕ್ಸಾಂಡರ್ ಪಾರ್ಕ್ಸ್ ಎಂದಾಯಿತು. ಆದರೂ ಹಯಾಟ್ ಕಂಪನಿಯ ತಯಾರಿಕೆಗೆ ಅಡ್ಡಿಯಾಗಲಿಲ್ಲ. ನೀರು ಸೋಸುವ ಯಂತ್ರ, ರೋಲರ್ ಬೇರಿಂಗ್ ಹೀಗೆ ಅವನ ಪೇಟೆಂಟ್‌ಗಳು 200 ದಾಟಿದವು. 1914ರಲ್ಲಿ ರಸಾಯನ ಕ್ಷೇತ್ರದ ಪರ್ಕಿನ್ ಪದಕ ಈ ಕಾಲೇಜು ಕಾಣದ ಮುದ್ರಣಗಾರನ ಕೊರಳಿಗೆ ಬಂತು. ಹಲಗೆಯ ಕಥೆಯನ್ನು ಅವನೇ ಆ ಸಭೆಯಲ್ಲಿ ಹೇಳಿಕೊಂಡ.

1920ರ ಮೇ 10ರಂದು ಹಯಾಟ್ ತೀರಿಕೊಂಡ. ಸುಲಭವಾಗಿ ಹೊತ್ತಿಕೊಳ್ಳದ ಪ್ಲಾಸ್ಟಿಕ್‌ಗಳು ಬಂದು, ಜರ್ಮನಿಯಲ್ಲಿ ಈ ಯಂತ್ರಗಳ ಮಾರಾಟ ಶುರುವಾದದ್ದು ಆ ದಶಕದಲ್ಲೇ. 1946ರಲ್ಲಿ ಜೇಮ್ಸ್ ಹೆಂಡ್ರಿ ಪ್ಲಂಜರ್ ಬದಲು ತಿರುಗುವ ಸ್ಕ್ರೂ ಜೋಡಿಸಿದ. ಇಂದು ಎಲ್ಲೆಡೆ ಓಡುವುದು ಅದೇ. ಇದನ್ನೆಲ್ಲ ಕಲಿಸುವ ಸಿಪೆಟ್ ಸಂಸ್ಥೆ ನಮ್ಮ ಮೈಸೂರಿನ ಹೆಬ್ಬಾಳದಲ್ಲೇ ಇದೆ. ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೂ ಅಲ್ಲಿ ಮೂರು ವರ್ಷದ ಡಿಪ್ಲೊಮಾ ಉಂಟು.