ವಿಜ್ಞಾನಿ ಜಿ. ಎನ್. ರಾಮಚಂದ್ರನ್

ಆಟದ ಬಯಲಿನಲ್ಲಿ ಬಿದ್ದು ಮೊಣಕಾಲು ತರಚಿಕೊಳ್ಳದ ವಿದ್ಯಾರ್ಥಿ ನಮ್ಮ ಶಾಲೆಯಲ್ಲಿ ಇರಲಾರನು. ಆದರೆ ಗಾಯದೊಳಗೆ ನಡೆಯುವ ಕಾರ್ಯವನ್ನು ನಾವು ಕಾಣೆವು. ನಮ್ಮ ಚರ್ಮದಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳು ಬಲೆಯಂತೆ ಹೆಣೆದುಕೊಂಡಿವೆ. ಗಾಯವಾದೊಡನೆ, ಜೀವಕೋಶಗಳ ತುಣುಕುಗಳೇ ಆದ ಪ್ಲೇಟ್‌ಲೆಟ್‌ಗಳು ಈ ನಾರುಗಳಿಗೆ ಅಂಟಿಕೊಂಡು ರಕ್ತಸ್ರಾವವನ್ನು ತಡೆಯುತ್ತವೆ. ತರುವಾಯ ಜೀವಕೋಶಗಳು ಮುಂಭಾಗವನ್ನು ಚಾಚಿ, ನಾರುಗಳನ್ನು ಹಿಡಿದು, ಹಿಂಭಾಗವನ್ನು ಸೆಳೆದುಕೊಂಡು ತೆವಳುತ್ತ ಬರುತ್ತವೆ. ಕಾಲೂರಲು ನೆಲವಿಲ್ಲದೆ ನಡಿಗೆಯುಂಟೆ? ಆ ನೆಲದ ರಚನೆಯನ್ನು ಭೌತಶಾಸ್ತ್ರದ ಬಲದಿಂದ ಬಿಡಿಸಿದ ಮಹನೀಯರೇ ಜಿ. ಎನ್. ರಾಮಚಂದ್ರನ್.

ಅವರು 1922ರ ಅಕ್ಟೋಬರ್ 8ರಂದು ಕೊಚ್ಚಿಗೆ ಸೇರಿದ ಎರ್ನಾಕುಳಂನಲ್ಲಿ ಜನಿಸಿದರು. ತಂದೆ ಗಣಿತದ ಪ್ರಾಧ್ಯಾಪಕರು. 1942ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಕಲಿಯಲೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದ ಈ ತರುಣನನ್ನು ಸರ್ ಸಿ. ವಿ. ರಾಮನ್ ಅವರು ಭೌತಶಾಸ್ತ್ರಕ್ಕೆ ಸೆಳೆದುಕೊಂಡರು. ಕೇಂಬ್ರಿಜ್ಜಿನಲ್ಲಿಯೂ ವ್ಯಾಸಂಗ ಮಾಡಿದ ಅವರು 1952ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

1954ರಲ್ಲಿ ಗೋಪೀನಾಥ ಕರ್ತಾ ಅವರೊಡನೆ, ಎಕ್ಸ್-ಕಿರಣಗಳ ನೆರವಿನಿಂದ, ಕೊಲಾಜೆನ್ ಮೂರೆಳೆಯ ರಚನೆಯೆಂದು ತಿಳಿಸಿದರು. ಮರುವರ್ಷ ಆ ಮೂರೆಳೆಗಳೂ ಒಂದನ್ನೊಂದು ಸುತ್ತಿಕೊಂಡು, ತೆಂಗಿನ ನಾರಿನ ಹುರಿಹಗ್ಗದಂತೆ ಹೊಸೆದಿವೆಯೆಂದು ತೋರಿಸಿದರು. ಆಗ ಕೇಂಬ್ರಿಜ್ಜಿನಲ್ಲಿದ್ದ ಕ್ರಿಕ್ ಮತ್ತು ರಿಚ್ ಎಂಬ ವಿದ್ವಾಂಸರು ಆಕ್ಷೇಪವೆತ್ತಿದರು. ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬೇಕಾದುದಕ್ಕಿಂತ ಹತ್ತಿರವಾಗಿವೆ ಎಂಬುದೇ ಅವರ ಆಕ್ಷೇಪ. ಇಷ್ಟು ದುಡಿದವರಿಗೆ ಇದು ಸಣ್ಣ ಪೆಟ್ಟಲ್ಲ.

ರಾಮಚಂದ್ರನ್ ಅವರು ವಾದಕ್ಕೆ ನಿಲ್ಲದೆ ಅಳತೆಗೆ ತೊಡಗಿದರು. ಪರಮಾಣುಗಳು ಎಷ್ಟು ಹತ್ತಿರ ಬರಬಲ್ಲವು? ತಿಳಿದಿದ್ದ ಸ್ಫಟಿಕಗಳನ್ನೆಲ್ಲ ಪರಿಶೀಲಿಸಿ, ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡನೆ 1963ರಲ್ಲಿ ಒಂದು ನಕ್ಷೆಯನ್ನು ಪ್ರಕಟಿಸಿದರು. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುದರಲ್ಲಿ ತಿರುಗಲಾರದು ಎಂಬುದನ್ನು ಅದು ತೋರಿಸುತ್ತದೆ. ಕೋಶವನ್ನು ಮುಂದೆ ತಳ್ಳುವ ಆಕ್ಟಿನ್ ಪ್ರೋಟೀನೂ ಈ ನಿಯಮಕ್ಕೆ ಹೊರತಲ್ಲ. ಹೊಸ ಪ್ರೋಟೀನಿನ ರಚನೆ ಸರಿಯೇ ಎಂದು ಒರೆಹಚ್ಚಲು ಇಂದಿಗೂ ಜಗತ್ತಿನೆಲ್ಲೆಡೆ ರಾಮಚಂದ್ರನ್ ನಕ್ಷೆಯನ್ನೇ ಬಳಸುತ್ತಾರೆ. ಮೂರೆಳೆಯ ಹುರಿಯ ಮೂಲತತ್ತ್ವವೂ ಉಳಿದು ಬಂದಿತು.

ಮತ್ತೆ ಬೆಂಗಳೂರಿಗೆ ಬಂದ ಅವರು 1971ರಲ್ಲಿ ವಿಜ್ಞಾನ ಮಂದಿರದಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ನಿಧನರಾದರು.

ಊರು ಬಿಟ್ಟು ಈ ನಗರಕ್ಕೆ ಬಂದು ಪಾಠ ಹೇಳುತ್ತಿರುವ ನಾವು, ಉತ್ತರಪತ್ರಿಕೆಯಲ್ಲಿ ಕೆಂಪು ಗೀಟು ಕಂಡು ಮುಖ ಬಾಡಿಸಿಕೊಳ್ಳುವ ಮಕ್ಕಳನ್ನು ದಿನವೂ ನೋಡುತ್ತೇವೆ. ಅಂಥವರಿಗೆ ಈ ಜೀವನವನ್ನು ಹೇಳಬೇಕೆನಿಸಿತು. ತಪ್ಪೆಂದವರ ಮಾತಿನಿಂದಲೇ ರಾಮಚಂದ್ರನ್ ಅವರ ಅತಿ ದೊಡ್ಡ ಕೆಲಸ ಹುಟ್ಟಿತು.