ಕಡಲು ದೊಡ್ಡದೆಂದು ನಂಬಿದ್ದ ರೇಚಲ್ ಕಾರ್ಸನ್

ವಾರಕ್ಕೆ ಎರಡು ಬಾರಿಯಾದರೂ ಮೀನು ತಿನ್ನಿ ಎಂದು ನನ್ನ ವೈದ್ಯರು ಹೇಳಿದರು. ಹೃದಯಕ್ಕೆ ಒಳ್ಳೆಯದಂತೆ. ಕರಾವಳಿಯಲ್ಲಿ ಹುಟ್ಟಿ ಬೆಳೆದು ಬೆಂಗಳೂರಿಗೆ ಬಂದು ನೆಲೆಸಿದ ನನಗೆ ಇಂಥ ಔಷಧಿ ಕಹಿಯಾಗುವುದು ಸಾಧ್ಯವೇ ಇರಲಿಲ್ಲ. ಆದರೆ ಕೆಲವು ತಿಂಗಳ ನಂತರ ಅದೇ ವೈದ್ಯರು ಗರ್ಭಿಣಿಯಾಗಿದ್ದ ನನ್ನ ಸೊಸೆಗೆ ಬೇರೊಂದು ಮಾತು ಹೇಳಿದರು. ಬೂತಾಯಿ, ಬಂಗುಡೆ ತಿನ್ನಬಹುದು, ಶಾರ್ಕ್‌ನಂಥ ದೊಡ್ಡ ಮೀನು ಮಾತ್ರ ಬೇಡ, ಅದರಲ್ಲಿ ಪಾದರಸ ಹೆಚ್ಚು ಎಂದು. ಒಂದೇ ಕಡಲು, ಒಂದೇ ಬಾಯಿಯಿಂದ ಎರಡು ಸಲಹೆ. ಮನೆಗೆ ಬಂದವನೇ ಕಪಾಟಿನಿಂದ ರೇಚಲ್ ಕಾರ್ಸನ್ ಅವರ ಪುಸ್ತಕಗಳನ್ನು ಹೊರತೆಗೆದೆ. ಈ ಎರಡೂ ಬಗೆಯ ಮಾತುಗಳನ್ನು ತಮ್ಮ ಒಂದೇ ಆಯುಷ್ಯದಲ್ಲಿ ಆಡಿದವರು ಅವರು.

ಕಾರ್ಸನ್ ಎಂದರೆ ನಮ್ಮಲ್ಲಿ ಬಹುತೇಕರಿಗೆ 'ಸೈಲೆಂಟ್ ಸ್ಪ್ರಿಂಗ್', ಡಿಡಿಟಿ ಮತ್ತು ಹಾಡು ನಿಲ್ಲಿಸಿದ ಹಕ್ಕಿಗಳು. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ. ಆದರೆ ಅವರು ಬರೆದ ಮೊದಲ ಮೂರು ಪುಸ್ತಕಗಳೂ ಕಡಲನ್ನು ಕುರಿತವು. ಕೀಟನಾಶಕದ ಪುಸ್ತಕಕ್ಕೆ ಅವರು ಬಂದದ್ದೇ ಕಡಲಿನ ದಾರಿಯಿಂದ.

ಅವರು ಹುಟ್ಟಿದ್ದು 1907ರ ಮೇ 27ರಂದು, ಪೆನ್ಸಿಲ್ವೇನಿಯಾದ ಸ್ಪ್ರಿಂಗ್‌ಡೇಲ್ ಎಂಬ ಒಳನಾಡಿನ ಊರಿನಲ್ಲಿ. ಸಾಹಿತ್ಯ ಓದಲು ಕಾಲೇಜು ಸೇರಿದವರು ನಡುವೆ ಜೀವಶಾಸ್ತ್ರಕ್ಕೆ ಹೊರಳಿದರು. ಕಡಲನ್ನು ಮೊದಲ ಬಾರಿಗೆ ಕಣ್ಣಾರೆ ಕಂಡಾಗ ಅವರಿಗೆ ಇಪ್ಪತ್ತೆರಡು ವರ್ಷ. 1929ರ ಬೇಸಿಗೆಯಲ್ಲಿ, ವುಡ್ಸ್ ಹೋಲ್‌ನ ಸಾಗರ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ. 1932ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಿಂದ ಪ್ರಾಣಿಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದರು. ಮುಂದೆ ಓದಲು ಹಣವಿರಲಿಲ್ಲ. 1935ರಲ್ಲಿ ತಂದೆ ತೀರಿಕೊಂಡರು. ಎರಡು ವರ್ಷಗಳಲ್ಲಿ ಅಕ್ಕನೂ ಹೋದರು, ಅವರ ಇಬ್ಬರು ಹೆಣ್ಣುಮಕ್ಕಳ ಹೊಣೆ ಕಾರ್ಸನ್ ಮತ್ತು ಅವರ ತಾಯಿಯ ಮೇಲೆ ಬಿತ್ತು.

ಸಂಸಾರ ತೂಗಿಸಲು ಸಿಕ್ಕಿದ್ದು ಅಮೆರಿಕ ಸರ್ಕಾರದ ಮೀನುಗಾರಿಕೆ ಇಲಾಖೆಯ ಕೆಲಸ. ಮೊದಲು ಜಲಚರಗಳ ಬಗ್ಗೆ ರೇಡಿಯೊ ಕಾರ್ಯಕ್ರಮಗಳಿಗೆ ಬರೆದರು, ಆಮೇಲೆ ಜೀವಶಾಸ್ತ್ರಜ್ಞೆಯಾಗಿ ನೇಮಕಗೊಂಡರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದಲ್ಲಿ ಮಾಂಸಕ್ಕೆ ಕೊರತೆ ಉಂಟಾದಾಗ, ಜನರು ಹೆಚ್ಚು ಮೀನು ತಿನ್ನುವಂತೆ ಪ್ರೋತ್ಸಾಹಿಸುವ ಸರ್ಕಾರಿ ಕೈಪಿಡಿಗಳ ಸರಣಿಯೊಂದನ್ನು 1943ರಿಂದ ಅವರು ಬರೆದರು. ಯಾವ ಮೀನು ಎಲ್ಲಿ ಸಿಗುತ್ತದೆ, ಹೇಗೆ ಬದುಕುತ್ತದೆ, ಅದರಲ್ಲಿ ಏನು ಪೌಷ್ಟಿಕಾಂಶವಿದೆ ಎಂಬ ವಿವರಗಳು ಅವುಗಳಲ್ಲಿದ್ದವು. ಕಡಲು ಆರೋಗ್ಯದ ಕಣಜ ಎಂಬ ಭಾವನೆ ಆಗ ಅವರಲ್ಲಿ ಎಳ್ಳಷ್ಟೂ ಕದಡಿರಲಿಲ್ಲ.

1951ರಲ್ಲಿ ಬಂದ 'ದಿ ಸೀ ಅರೌಂಡ್ ಅಸ್' ಅವರ ಬದುಕನ್ನೇ ಬದಲಿಸಿತು. ನ್ಯೂಯಾರ್ಕ್ ಟೈಮ್ಸ್‌ನ ಜನಪ್ರಿಯ ಪುಸ್ತಕಗಳ ಪಟ್ಟಿಯಲ್ಲಿ ಅದು 86 ವಾರ ಉಳಿಯಿತು. ಮರುವರ್ಷ ನ್ಯಾಷನಲ್ ಬುಕ್ ಅವಾರ್ಡ್ ಬಂತು, ಸರ್ಕಾರಿ ನೌಕರಿ ಬಿಡುವಷ್ಟು ಹಣವೂ ಬಂತು. ಆ ಪುಸ್ತಕದ ಆಳದಲ್ಲೊಂದು ನಂಬಿಕೆಯಿದೆ. ನೆಲವನ್ನು ಹೇಗೆ ಬೇಕೋ ಹಾಗೆ ಕೆಡಿಸಿದ ಮನುಷ್ಯ ಕಡಲನ್ನು ಕೆಡಿಸಲಾರ, ಅದು ಅವನ ಅಳವಿಗೆ ಮೀರಿದ್ದು ಎಂಬ ನಂಬಿಕೆ. ಇಂದು ಆ ಪುಟಗಳನ್ನು ಓದುವಾಗ ನನಗೆ ಸ್ವಲ್ಪ ಮುಜುಗರವಾಗುತ್ತದೆ. ನಮ್ಮೂರ ಹಿರಿಯರೂ ಹೀಗೆಯೇ ನಂಬಿದ್ದರು. ಹಳಸಿದ್ದು, ಮುರಿದದ್ದು, ಬೇಡವಾದದ್ದೆಲ್ಲ ಅಳಿವೆಯತ್ತ ಹೋಗುತ್ತಿತ್ತು.

ಕಾರ್ಸನ್ ಅವರ ನಂಬಿಕೆಯನ್ನು ಮುರಿದದ್ದು ಅಣುಯುಗ. ಯುದ್ಧಾನಂತರ ಅಮೆರಿಕ ವಿಕಿರಣಶೀಲ ತ್ಯಾಜ್ಯವನ್ನು ಪೀಪಾಯಿಗಳಲ್ಲಿ ತುಂಬಿ ಸಮುದ್ರಕ್ಕೆ ಎಸೆಯತೊಡಗಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಎದುರಿನ ಫ್ಯಾರಲಾನ್ ದ್ವೀಪಗಳ ಸುತ್ತ ಮಾತ್ರವೇ 1946ರಿಂದ 1970ರವರೆಗೆ 47 ಸಾವಿರಕ್ಕೂ ಹೆಚ್ಚು ಪೀಪಾಯಿಗಳು ಮುಳುಗಿದವು. ಆಳದ ನೀರು ನಿಶ್ಚಲ, ಅಲ್ಲಿಗೆ ಹೋದದ್ದು ಅಲ್ಲೇ ಉಳಿಯುತ್ತದೆ ಎಂಬುದು ಎಸೆಯುವವರ ಸಮಾಧಾನವಾಗಿತ್ತು. 1961ರಲ್ಲಿ ತಮ್ಮ ಪುಸ್ತಕದ ಹೊಸ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ಕಾರ್ಸನ್ ಇದನ್ನು ಒಂದೊಂದಾಗಿ ಬಿಡಿಸಿದರು. ಆಳದಲ್ಲೂ ಪ್ರವಾಹಗಳಿವೆ. ಸೂಕ್ಷ್ಮಜೀವಿಗಳು ವಿಕಿರಣ ವಸ್ತುವನ್ನು ಹೀರಿಕೊಳ್ಳುತ್ತವೆ, ಅವುಗಳನ್ನು ತಿಂದವು ಇನ್ನಷ್ಟು ಕೂಡಿಸಿಕೊಳ್ಳುತ್ತವೆ. ರಾತ್ರಿ ಮೇಲೇರಿ ಹಗಲು ಕೆಳಗಿಳಿಯುವ ಅಸಂಖ್ಯ ಜೀವಿಗಳು ಅದನ್ನು ಹೊತ್ತು ತಿರುಗುತ್ತವೆ. ತಾನು ಹಿಂದೆ ಮುಗ್ಧವಾಗಿ ನಂಬಿದ್ದೆ ಎಂಬುದನ್ನೂ ಅವರು ಮರೆಮಾಚಲಿಲ್ಲ. ಕೀರ್ತಿ ತಂದುಕೊಟ್ಟ ಪುಸ್ತಕದ ಬಾಗಿಲಲ್ಲೇ ನಿಂತು ಅದನ್ನು ತಿದ್ದುವ ಲೇಖಕರು ಎಷ್ಟು ಮಂದಿ ಸಿಗುತ್ತಾರೆ?

ಮರುವರ್ಷ ಬಂದ 'ಸೈಲೆಂಟ್ ಸ್ಪ್ರಿಂಗ್'ನ ಬೆನ್ನೆಲುಬು ಇದೇ ಲೆಕ್ಕ. ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಸರೋವರದಲ್ಲಿ ನುಸಿಯಂಥ ಕೀಟಗಳನ್ನು ಕೊಲ್ಲಲು ಡಿಡಿಟಿಯ ದಾಯಾದಿ ರಾಸಾಯನಿಕವೊಂದನ್ನು ಬಳಸಿದ್ದರು. ನೀರಿನಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ 0.02 ಭಾಗ ಮಾತ್ರ. ನೀರಿನ ಪ್ಲವಕಗಳಲ್ಲಿ ಅದು 5 ಭಾಗವಾಯಿತು, ಮೀನು ತಿನ್ನುವ ಹಕ್ಕಿಗಳ ಕೊಬ್ಬಿನಲ್ಲಿ 1,600 ಭಾಗ. ದೊಡ್ಡ ಮೀನು ಏಕೆ ಬೇಡ ಎಂಬ ನನ್ನ ವೈದ್ಯರ ಮಾತಿನ ಹಿಂದಿರುವುದೂ ಇದೇ ಗಣಿತ. ಫ್ಲಾರಿಡಾದಲ್ಲಿ 1955ರಲ್ಲಿ ಸುಮಾರು 2,000 ಎಕರೆ ಉಪ್ಪುನೀರಿನ ಜೌಗಿಗೆ ಡೀಲ್ಡ್ರಿನ್ ಸಿಂಪಡಿಸಿದಾಗ ಹನ್ನೊಂದು ಲಕ್ಷಕ್ಕೂ ಹೆಚ್ಚು ಮೀನುಗಳು ಸತ್ತದ್ದನ್ನೂ ಅವರು ದಾಖಲಿಸಿದರು. ಇಂಥ ಅಳಿವೆ ಮತ್ತು ಜೌಗುಗಳೇ ಕಡಲ ಮೀನುಗಳ ತೊಟ್ಟಿಲು ಎಂಬುದು ಮೀನುಗಾರಿಕೆ ಇಲಾಖೆಯಲ್ಲಿ ದುಡಿದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅವರು ಈ ಪುಸ್ತಕ ಬರೆಯುತ್ತಿದ್ದ ವರ್ಷಗಳಲ್ಲೇ ಜಪಾನಿನ ಮಿನಮಾಟಾ ಕೊಲ್ಲಿಯ ಮೀನುಗಾರರ ಮಕ್ಕಳು ಕೈಕಾಲು ಸೊಟ್ಟಗಾಗಿ, ಮಾತು ಕಳೆದುಕೊಂಡು ನರಳುತ್ತಿದ್ದರು. ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನಿನ ಮೂಲಕ ಅವರ ಊಟಕ್ಕೆ ಬಂದಿತ್ತು. ರೋಗವನ್ನು ಗುರುತಿಸಿದ್ದು 1956ರಲ್ಲಿ. ಸರ್ಕಾರ ಕಾರಣವನ್ನು ಅಧಿಕೃತವಾಗಿ ಒಪ್ಪಿಕೊಳ್ಳಲು 1968 ಬರಬೇಕಾಯಿತು.

ಪುಸ್ತಕ ಮುಗಿಸುವ ಹೊತ್ತಿಗೆ ಕಾರ್ಸನ್ ಅವರ ದೇಹ ಸೋಲತೊಡಗಿತ್ತು. 1960ರಲ್ಲಿ ಸ್ತನದ ಶಸ್ತ್ರಚಿಕಿತ್ಸೆ ನಡೆದಾಗ ವೈದ್ಯರು ಅದು ಕ್ಯಾನ್ಸರ್ ಎಂಬುದನ್ನು ಅವರಿಗೆ ನೇರವಾಗಿ ತಿಳಿಸಿರಲಿಲ್ಲ. ತಿಂಗಳುಗಳ ನಂತರ ಬೇರೊಬ್ಬ ವೈದ್ಯರಿಂದ ಸತ್ಯ ತಿಳಿಯಿತು. ಅಪಾಯವನ್ನು ಜನರಿಂದ ಮುಚ್ಚಿಡಬಾರದೆಂದು ಬರೆಯುತ್ತಿದ್ದ ಮಹಿಳೆಯಿಂದ ಅವರದೇ ದೇಹದ ಅಪಾಯವನ್ನು ಮುಚ್ಚಿಟ್ಟಿದ್ದರು. ಕೀಟನಾಶಕಗಳಿಂದಲೇ ಅವರಿಗೆ ಕ್ಯಾನ್ಸರ್ ಬಂತೆಂದು ಭಾವುಕರಾಗಿ ಬರೆಯುವವರಿದ್ದಾರೆ. ಅದಕ್ಕೆ ಆಧಾರವಿಲ್ಲ. ಕಾರ್ಸನ್ ತಮ್ಮ ರೋಗವನ್ನು ಸಾರ್ವಜನಿಕರಿಂದ ಗುಟ್ಟಾಗಿಟ್ಟರು. ಗೊತ್ತಾದರೆ ಇದು ರೋಗಿಯೊಬ್ಬಳ ಸೇಡಿನ ಪುಸ್ತಕ ಎಂದು ರಾಸಾಯನಿಕ ಉದ್ಯಮ ತಳ್ಳಿಹಾಕುವುದು ಖಚಿತವಿತ್ತು. ಮಲೇರಿಯಾ ಸಾವುಗಳಿಗೆ ಅವರನ್ನು ದೂರುವವರು ಈಗಲೂ ಇದ್ದಾರೆ. ರೋಗ ಹರಡುವ ಕೀಟಗಳ ನಿಯಂತ್ರಣ ಬೇಡವೆಂದು ಅವರು ಹೇಳಲಿಲ್ಲ, ಮನಬಂದಂತೆ ಸುರಿದರೆ ಸೊಳ್ಳೆಗಳೇ ವಿಷಕ್ಕೆ ಒಗ್ಗಿಕೊಳ್ಳುತ್ತವೆ ಎಂದು ಎಚ್ಚರಿಸಿದರು.

1963ರ ಜೂನ್‌ನಲ್ಲಿ ಸೆನೆಟ್ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಅದೇ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ವೈದ್ಯಕೀಯ ವಿಚಾರ ಸಂಕಿರಣವೊಂದರಲ್ಲಿ ಮಾತನಾಡಿದರು. ಹೊತ್ತಿಗೆ ಹೊತ್ತಿಗೆ ಕಾಡುವ ನೋವು. ಕೋಲೂರಿ ನಡೆಯುವುದಕ್ಕೆ ಸಂಧಿವಾತವೇ ಕಾರಣವೆಂದು ಹೇಳಿಕೊಂಡರು. ಸಭೆ ವೈದ್ಯರದು, ಮಾತು ಕಡಲಿಗೆ ಎಸೆದ ತ್ಯಾಜ್ಯದ್ದು, ಅದು ಜೀವದಿಂದ ಜೀವಕ್ಕೆ ದಾಟುವ ಬಗೆಯದು. ಅದೇ ಅವರ ಕೊನೆಯ ಸಾರ್ವಜನಿಕ ಭಾಷಣ. ಫ್ಯಾರಲಾನ್ ದ್ವೀಪಗಳ ಪೀಪಾಯಿಗಳು ಆ ಊರಿನಿಂದ ಹೆಚ್ಚು ದೂರವಿರಲಿಲ್ಲ.

ಅಮೆರಿಕ ಡಿಡಿಟಿಯ ಬಹುತೇಕ ಬಳಕೆಯನ್ನು 1972ರಲ್ಲಿ ನಿಲ್ಲಿಸಿತು. ಸಮುದ್ರಕ್ಕೆ ತ್ಯಾಜ್ಯ ಎಸೆಯುವುದನ್ನು ನಿಯಂತ್ರಿಸುವ ಲಂಡನ್ ಒಪ್ಪಂದವೂ ಅದೇ ವರ್ಷದ್ದು. ಆದರೆ ಎಲ್ಲ ಬಗೆಯ ವಿಕಿರಣಶೀಲ ತ್ಯಾಜ್ಯದ ಮೇಲೂ ನಿಷೇಧ ಬಿದ್ದದ್ದು 1993ರಲ್ಲಿ. ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ಗಳಿಂದ ಎಂಡೋಸಲ್ಫಾನ್ ಸುರಿದ ಕಥೆ ನಮಗೆ ಗೊತ್ತೇ ಇದೆ. ಅಲ್ಲಿ ಬಿದ್ದ ಮಳೆಯ ನೀರೂ ಅರಬ್ಬೀ ಸಮುದ್ರಕ್ಕೇ ಇಳಿಯುತ್ತದೆ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ.

ಇವಾವುದನ್ನೂ ನೋಡಲು ಕಾರ್ಸನ್ ಇರಲಿಲ್ಲ. 1964ರ ಏಪ್ರಿಲ್ 14ರಂದು, 56ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಚಿತಾಭಸ್ಮದ ಅರ್ಧಭಾಗವನ್ನು ತಾಯಿಯ ಸಮಾಧಿಯ ಪಕ್ಕ ಹೂಳಲಾಯಿತು. ಉಳಿದರ್ಧವನ್ನು ಆಪ್ತ ಗೆಳತಿ ಡೊರೊಥಿ ಫ್ರೀಮನ್ ಮೇನ್ ರಾಜ್ಯದ ಕಲ್ಲುಬಂಡೆಗಳ ತೀರದಲ್ಲಿ ಕಡಲಿಗೆ ಬಿಟ್ಟರು.